ಕಪ್ಪು ಗುಂಡಿಗಳ ಕೋಟು

ಪಿಸುಮಾವ ದನಿಯೆತ್ತಿ ಮಾತಾಡಿದ್ದನ್ನು ಕೇಳಿದವರಿಲ್ಲ. ಬಸ್ಸಿನಲ್ಲಿ ಕಾಲು ತುಳಿದವನನ್ನು ಗದರುವಾಗಲೂ, ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕರೆಯುವಾಗಲೂ ಅವರದು ಒಂದೇ ಸ್ವರ. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆಂಬಂಥ, ಉಸಿರಷ್ಟೇ ಇದ್ದು ಗಂಟಲಿಲ್ಲದ ಸ್ವರ. ಹವ್ಯಾಸಿ ನಾಟಕ ಸಂಘದಲ್ಲಿ ತಲೆ ನರೆಯುವಷ್ಟು ಕಾಲ ಪ್ರಾಂಪ್ಟರ್ ಆಗಿದ್ದು, ಪಕ್ಕದ ಪರದೆಯ ಮರೆಯಲ್ಲಿ ನಿಂತು ಮಾತು ಮರೆತವರಿಗೆ ಮಾತು ಒದಗಿಸುತ್ತ ಬಂದವರಿಗೆ ಆ ಪಿಸುಮಾತು ಮೈಗಂಟಿಹೋಗಿ, ಪಿಸುಮಾವ ಎಂಬ ಹೆಸರೂ ಅದರಿಂದಲೇ ಬಂದಿತ್ತು. ನಡಿಗೆಯೂ ಅದಕ್ಕೆ ತಕ್ಕಂತೆಯೇ: ಗೋಡೆಯ ಮಗ್ಗುಲಲ್ಲಿ, ಓರೆಯಾಗಿ, ಬೀದಿದೀಪದ ಬೆಳಕನ್ನು ಕೆಸರೆಂಬಂತೆ ತಪ್ಪಿಸಿಕೊಂಡು. ಬೇಸಿಗೆಯಲ್ಲೂ ಬಿಡದ ಉದ್ದನೆಯ ಕಪ್ಪು ಕೋಟೊಂದಿತ್ತು. ಅದರ ಹಿತ್ತಾಳೆಯ ಗುಂಡಿಗಳು ರಂಗದ ದೀಪಕ್ಕೆ ಮಿಂಚಿ ಪ್ರೇಕ್ಷಕರ ಕಣ್ಣಿಗೆ ಬಿದ್ದಾವೆಂಬ ಭಯದಿಂದ ಒಂದೊಂದಕ್ಕೂ ಕಪ್ಪು ಬಟ್ಟೆ ಸುತ್ತಿ ಹೊಲಿಸಿದ್ದರು. ಪ್ರಾಂಪ್ಟರ್ ಕಣ್ಣಿಗೆ ಬಿದ್ದರೆ ನಾಟಕ ಸತ್ತಂತೆ ಎಂಬುದು ಅವರ ಪಾಲಿಗೆ ಶಾಸ್ತ್ರವಾಕ್ಯವಾಗಿತ್ತು.

ಹೊಟ್ಟೆಪಾಡಿಗೆ ಅವರದೊಂದು ಕನ್ನಡಕದ ಅಂಗಡಿ. ಅಲ್ಲಿಯೂ ಈ ಅಭ್ಯಾಸ ಅವರನ್ನು ಬಿಡಲಿಲ್ಲ. ಗೋಡೆಯ ಹಲಗೆಯ ಮೇಲಿನ ಅಕ್ಷರಗಳನ್ನು ಓದುತ್ತ ಬಂದ ಗಿರಾಕಿ ಕೊನೆಯ ಸಾಲಿನಲ್ಲಿ ತಡವರಿಸಿದನೋ, ಪಿಸುಮಾವನ ಜೀವ ಬಾಯಿಗೆ ಬರುತ್ತಿತ್ತು. ಅವರಿಗೇ ಅರಿವಿಲ್ಲದೆ ತುಟಿಗಳು ಅಲುಗಿ ಆ ಅಕ್ಷರವನ್ನು ಶಬ್ದವಿಲ್ಲದೆ ಆಡಿಬಿಡುತ್ತಿದ್ದವು. ಜಾಣ ಗಿರಾಕಿ ಹಲಗೆಯನ್ನು ಬಿಟ್ಟು ಅವರ ತುಟಿಯನ್ನೇ ಓದಿ, ಕಣ್ಣು ಚೆನ್ನಾಗಿದೆ ಎನ್ನಿಸಿಕೊಂಡು ಮನೆಗೆ ಹೋಗಿ, ವಾರದೊಳಗೆ ಮೆಟ್ಟಿಲು ಎಡವಿ ಮತ್ತೆ ಬರುತ್ತಿದ್ದ.

ಇಂಥ ಪುಕ್ಕಲು ಜೀವಕ್ಕೆ ಇನ್ನೊಂದು ಪೆಟ್ಟೂ ಬಿದ್ದಿತ್ತು. ಹಿಂದೊಮ್ಮೆ ರಾಜನ ಪಾತ್ರ ಮಾಡಿದ್ದ ವಕೀಲರು ಭಾವಾವೇಶದಿಂದ ಕ್ಷಣಕಾಲ ಮೌನವಾಗಿ ನಿಂತಾಗ, ಮರೆತರೆಂದು ಗಾಬರಿಯಾಗಿ ಇವರು ಮುಂದಿನ ಮಾತನ್ನು ಒದಗಿಸಿದ್ದರು. ಅದು ಮೊದಲ ಸಾಲಿನವರಿಗೂ ಕೇಳಿಸಿ ಸಭೆಯೆಲ್ಲ ಗೊಳ್ಳೆಂದಿತ್ತು. ಅಂದಿನಿಂದ ಅವರ ಭಯ ಇಮ್ಮಡಿಯಾಯಿತು. ಮಾತು ಕೊಡಲೂ ಹೆದರಿಕೆ, ಕೊಡದಿರಲೂ ಹೆದರಿಕೆ.

ಹೀಗಿರುವಾಗ, ವರ್ಷಕ್ಕೊಂದು ಹಾಸ್ಯ ನಾಟಕವಾಡಿ ತನ್ನ ಪಾಡಿಗೆ ತಾನಿದ್ದ ಸಂಘಕ್ಕೆ ದುರ್ಬುದ್ಧಿ ಹುಟ್ಟಿತು. ನಿರ್ದೇಶಕರಾದ ಹಲ್ಲಿನ ಡಾಕ್ಟರು ಪ್ರವಾಹದಲ್ಲಿ ಮುಳುಗಿದ ಊರೊಂದರ ಕಥೆಯನ್ನು ಸಂಗೀತ ನಾಟಕವಾಗಿ ಆಡಿಸಲು ಹೊರಟರು. ಮೊದಲಿಂದ ಕೊನೆಯವರೆಗೆ ಬರೀ ಹಾಡು, ಆಡುವ ಮಾತು ಒಂದೂ ಇಲ್ಲ. ಕೊನೆಯ ದೃಶ್ಯದಲ್ಲಂತೂ ಊರವರೆಲ್ಲ ತಲೆಗೊಂದು ಸಾಲನ್ನು ಏಕಕಾಲಕ್ಕೆ ಹಾಡಬೇಕು, ಡೋಲುಗಳು ನೆರೆಯಂತೆ ಮೊರೆಯಬೇಕು, ಅದರ ಮೇಲೆ ಮಗುವನ್ನು ಕಳೆದುಕೊಂಡ ತಾಯಿಯ ಒಂಟಿ ದನಿ ಏಳಬೇಕು. ಆ ತಾಯಿಯ ಪಾತ್ರ ಪಿಸುಮಾವನ ಅಕ್ಕನ ಮಗಳದು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳ ಕಂಠ ದೇವರು ಕೊಟ್ಟದ್ದು. ಆದರೆ ಶಾಲೆಯ ನಾಟಕವೊಂದರಲ್ಲಿ ಸಾಲು ಮರೆತು ಅಳುತ್ತ ಓಡಿಹೋದವಳು ಆಮೇಲೆ ಮನೆಯಲ್ಲಿ ಕೂಡ ಗುನುಗಿದವಳಲ್ಲ. ಈಗ ಒಪ್ಪಿದ್ದು ಒಂದೇ ಮಾತಿನ ಮೇಲೆ: "ಮಾವ ಪಕ್ಕದಲ್ಲಿ ನಿಂತ್ರೆ ಹಾಡ್ತೀನಿ. ಇಲ್ಲಾಂದ್ರೆ ನನ್ನನ್ನ ಬಿಟ್ಬಿಡಿ."

ಈ ಸಲ ಎಡವಿದರೆ ಅವಳು ಇನ್ನೆಂದೂ ಬಾಯಿ ತೆರೆಯುವುದಿಲ್ಲವೆಂಬುದು ಪಿಸುಮಾವನಿಗೆ ಖಚಿತವಾಗಿತ್ತು. ತಾಲೀಮು ಮುಂದುವರಿದಂತೆ ಅವರ ನಿದ್ದೆ ಹೋಯಿತು. ಒಂದು ದಿನ ಡಾಕ್ಟರ ತೋಳು ಹಿಡಿದುಕೊಂಡರು. "ಆ ಡೋಲಿನ ಗಲಾಟೇಲಿ ನನ್ನ ಮಾತು ನನಗೇ ಕೇಳ್ಸಲ್ಲ ಡಾಕ್ಟ್ರೇ. ನಮ್ಮ ಹುಡುಗಿ ಮರೆತ್ರೆ ನಾನೇನು ಮಾಡ್ಲಿ?"

"ಅವಳು ಮರೆಯಲ್ಲ ಬಿಡಿ ಮಾವ. ನೀವೇ ಹೆದರ್ಸಿ ಮರೆಸ್ತೀರ, ಅಷ್ಟೆ."

ಪ್ರದರ್ಶನದ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಕೊನೆಯ ದೃಶ್ಯದವರೆಗೆ ಎಲ್ಲವೂ ಹೂವೆತ್ತಿದಂತೆ ನಡೆಯಿತು. ಡೋಲು ಮೊರೆಯಿತು, ಊರವರ ದನಿಗಳು ಒಂದರ ಮೇಲೊಂದು ಉರುಳಿ ಬಂದವು, ತಾಯಿ ಮುಂದೆ ಬಂದು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಪಿಸುಮಾವ ಅವಳ ಬಲಗೈಯನ್ನು ನೋಡಿದರು. ತೋರುಬೆರಳು ಹೆಬ್ಬೆರಳಿನ ಉಗುರನ್ನು ಕೆರೆಯುತ್ತಿತ್ತು. ಮಗುವಾಗಿದ್ದಾಗ ಮಗ್ಗಿ ಮರೆತರೂ ಅವಳು ಕೆರೆಯುತ್ತಿದ್ದದ್ದು ಹೀಗೆಯೇ. ಅವರು ಸಾಲನ್ನು ಕೊಟ್ಟರು. ಡೋಲು ಅದನ್ನು ನುಂಗಿತು. ಮತ್ತೆ ಕೊಟ್ಟರು, ಜನ್ಮದಲ್ಲೇ ಮೊದಲ ಸಲ ಕೂಗಲು ನೋಡಿದರು. ಬರೀ ಗಾಳಿ ಬಂತು. ಊರವರು ತಮ್ಮ ಸಾಲುಗಳನ್ನು ಎರಡನೆಯ ಸಲ ಹಾಡತೊಡಗಿದ್ದರು. ಅವಳ ಕಾಲು ಹಿಂದಕ್ಕೆ ಸರಿಯಿತು.

ಆಗ ಪಿಸುಮಾವ ಪರದೆಯನ್ನು ಬಿಟ್ಟು ಹೊರಬಂದರು. ಬೆಳಕು ಮೊದಲು ಅವರ ಬೂಟಿನ ಮೇಲೆ, ಆಮೇಲೆ ಕೋಟಿನ ಮೇಲೆ, ಕಡೆಗೆ ಬಿಳಿಚಿದ ಮುಖದ ಮೇಲೆ ಬಿತ್ತು. ಮೊಣಕಾಲುಗಳು ಗಡಗಡನೆ ನಡುಗುತ್ತಿದ್ದವು. ಅವಳೆದುರು ನಿಂತು, ಅಂಗಡಿಯಲ್ಲಿ ಗಿರಾಕಿಗೆ ಮಾಡುತ್ತಿದ್ದಂತೆಯೇ, ಶಬ್ದವಿಲ್ಲದೆ ತುಟಿಯಲ್ಲಿ ಒಂದೊಂದೇ ಅಕ್ಷರವನ್ನು ಆಡಿದರು. ಅವಳು ಓದಿದಳು. ಓದುತ್ತ ಓದುತ್ತ ಹಾಡಿದಳು. ಆ ದನಿ ಡೋಲನ್ನು ದಾಟಿ ಮೇಲೆದ್ದಿತು.

ಪರದೆ ಬಿದ್ದ ಮೇಲೆ ಅವಳು ಓಡಿ ಬಂದು ಅವರನ್ನು ತಬ್ಬಿಕೊಂಡಳು. "ಮಾವ, ಬೆಳಕಿಗೇ ಬಂದ್ಬಿಟ್ರಲ್ಲ!"

ಪಿಸುಮಾವ ಸುತ್ತಮುತ್ತ ನೋಡಿ ಕೇಳಿದರು: "ಯಾರಾದ್ರೂ ನೋಡಿದ್ರೇನೇ?"

ನೋಡದವರು ಯಾರು! ಹೊರಗೆ ಬಂದ ಜನರೆಲ್ಲ ಆ ಕಪ್ಪು ಕೋಟಿನವನ ಮಾತನ್ನೇ ಆಡುತ್ತಿದ್ದರು. ತಾಯಿಯ ಮುಂದೆ ಬಂದು ನಿಂತದ್ದು ಸಾಕ್ಷಾತ್ ಮೃತ್ಯುವೇ, ಅವನು ನಡುಗುತ್ತಿದ್ದದ್ದು ಅವಳ ದುಃಖವನ್ನು ಕಂಡು ಎಂದು ಅರ್ಥ ಹಚ್ಚಿದರು. ಡಾಕ್ಟರು ಹಿರಿಹಿರಿ ಹಿಗ್ಗಿ, ಮರುದಿನದ ಆಟದಲ್ಲೂ ಹಾಗೆಯೇ ಬರಬೇಕೆಂದು ಪಟ್ಟು ಹಿಡಿದರು. ಪಿಸುಮಾವ ಇಲ್ಲವೆನ್ನಲೂ ಹೆದರಿ ತಲೆಯಾಡಿಸಿದರು.

ಮರುದಿನ ಅವಳು ಒಂದಕ್ಷರವನ್ನೂ ಮರೆಯಲಿಲ್ಲ. ತಾಯಿ ಬಾಯಿ ತೆರೆದಳು, ದನಿ ನೇರವಾಗಿ ಮೇಲೆದ್ದಿತು. ಎದುರು ಪರದೆಯ ಮರೆಯಿಂದ ಡಾಕ್ಟರು "ಬನ್ನಿ, ಬನ್ನಿ" ಎಂದು ಎಷ್ಟು ಕೈ ಬೀಸಿದರೂ ಪಿಸುಮಾವನ ಕಾಲು ಕಿತ್ತು ಬರಲಿಲ್ಲ. ಪರದೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣೀರು ಸುರಿಸುತ್ತ, ಅವಳೊಂದಿಗೆ ತುಟಿಯಾಡಿಸುತ್ತ ಕತ್ತಲಲ್ಲೇ ನಿಂತಿದ್ದರು.

ಹೆದರುಪುಕ್ಕಲರೆಂದು ನಾವು ಆಡಿಕೊಂಡು ನಗುವ ಈ ಬಗೆಯ ಜನ ಎಲ್ಲ ಕಡೆಯೂ ಇದ್ದಾರೆ. ಗೋಡೆಗೆ ಅಂಟಿಕೊಂಡು ನಡೆಯುತ್ತಾರೆ, ಹೊಗಳಿದರೆ ಬೆವರುತ್ತಾರೆ. ಧೈರ್ಯ ಅವರಿಗೆ ಯಾವತ್ತೂ ಬರುವುದಿಲ್ಲ, ಒಮ್ಮೆ ಬಂದಂತೆ ಕಂಡರೂ ಮರುದಿನಕ್ಕೆ ಉಳಿಯುವುದಿಲ್ಲ. ತಮ್ಮವರೊಬ್ಬರ ಕಾಲು ಹಿಂದಕ್ಕೆ ಸರಿದಾಗ ಮಾತ್ರ ಅವರ ಕಾಲು ಮುಂದಕ್ಕೆ ಬರುತ್ತದೆ, ಅದೂ ನಡುಗುತ್ತಲೇ.