ಡಿ-ಸೆವೆನ್ ಬ್ಲಾಕಿನ ಕಳ್ಳ

“ಇದು ಮೆಣಸಿನ ಕಳ್ಳತನದ್ದೇ ನಕ್ಷೆ,” ಎಂದರು ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಬೋಜಪ್ಪ. ಹೋದ ವಾರ ಡಿ-ಸೆವೆನ್ ಬ್ಲಾಕಿನ ಮೆಣಸು ಕಳುವಾದಾಗಿನಿಂದ ಅವರ ಮನಸೂ ಎಲ್ಲರ ಮೇಲೆ ಕಾವಲು ಕೂತಿತ್ತು.

ಕಚೇರಿಯ ಮೇಜಿನಡಿ ಸಿಕ್ಕಿದ ಚೀಟಿಯಲ್ಲಿ ಹೊಸ ಸೂಪರ್‌ವೈಸರ್ ಅನಂತಕೃಷ್ಣನ ಅಕ್ಷರ: ‘ಎ-7, ಡಿ-7, ಜಿ-7, ಸಿ. ಎಲ್ಲರೂ ಹೋಗುವ ದಾರಿ ಬೇಡ. ಮೂರು, ಏಳು ಹಿಡಿದರೆ ಸಾಕು. ಸಿ ಬಂದರೆ ಮನೆ.’

“ನೋಡು, ಎಲ್ಲ ನಮ್ಮ ಬ್ಲಾಕುಗಳೇ. ಮೂರು ಗಂಟೆಗೆ ಕೊಯ್ಯೋದು, ಏಳಕ್ಕೆ ಸಾಗಿಸೋದು!”

ಟೈಪಿಸ್ಟ್ ರಂಜಿತಾಗೆ ನಗು ತಡೆಯಲಾಗಲಿಲ್ಲ. ಬರುವ ಶನಿವಾರ ವಿರಾಜಪೇಟೆಯ ಕ್ಲಬ್ಬಿನಲ್ಲಿ ಹಳೆಯ ಜಾಝ್ ಹಾಡೊಂದಕ್ಕೆ ಅವಳ ದನಿ, ಅನಂತಕೃಷ್ಣನ ಗಿಟಾರ್. “ಸಾರ್, ಅದು ಹಾಡಿನ ಕಾರ್ಡು. ಗಿಟಾರಿನಲ್ಲಿ ಒಟ್ಟಿಗೆ ಮೀಟುವ ಸ್ವರಗಳು.”

“ಎಂಥ ಕಾರ್ಡು? ರೇಷನ್ನಿದ್ದಾ? ನೀನೂ ಅವನ ಕಡೆಯಾ?” ಬೋಜಪ್ಪ ತೋಟದ ಮಾಲಕಿಗೆ ಪತ್ರ ಬರೆಯತೊಡಗಿದರು. ಅನಂತಕೃಷ್ಣನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ಪತ್ರ ಹೋದರೆ ಅವನೂ ಹೋದಂತೆಯೇ.

ರಂಜಿತಾ ಗೋದಾಮಿಗೆ ಹೋಗಿ ಅಲ್ಲಿಂದ ಕಚೇರಿಗೆ ಫೋನು ಮಾಡಿದಳು. ಗಂಟಲಲ್ಲಿ ಮಾಲಕಿಯನ್ನು ಕೂರಿಸಿಕೊಂಡು, ಅವರದ್ದೇ ದನಿಯಲ್ಲಿ, “ಬೋಜಪ್ಪಾ, ಮೆಣಸಿನ ಕಳ್ಳನ ಬಗ್ಗೆ ಬರೀ ಸಂಶಯ ನನಗೆ ಬೇಡ. ಇವತ್ತು ಮಧ್ಯಾಹ್ನ ಮೂರಕ್ಕೆ ಡಿ-ಸೆವೆನ್‌ನಲ್ಲಿ ಅಡಗಿ ಕೂತು ಕಣ್ಣಾರೆ ನೋಡಿ,” ಎಂದಳು.

ಬೋಜಪ್ಪ ನಾಲ್ಕೂವರೆಯವರೆಗೆ ಕಾಫಿ ಗಿಡದಡಿ ಕೂತರು. ಕಳ್ಳ ಬರಲಿಲ್ಲ, ಕೆಂಜಿಗ ಇರುವೆಗಳು ಬಂದವು. ತುರಿಸಿಕೊಳ್ಳುತ್ತಾ ವಾಪಸಾದಾಗ ಜಗಲಿಯಲ್ಲಿ ಅನಂತಕೃಷ್ಣ ಗಿಟಾರ್ ಹಿಡಿದು ರಂಜಿತಾಗೆ ಹೇಳುತ್ತಿದ್ದ: “ಎ-ಸೆವೆನ್‌ನ ಮೂರನೇ ಸ್ವರ ಅರ್ಧ ಮೆಟ್ಟಿಲು ಕೆಳಗೆ ಜಾರಿದರೆ ಡಿ-ಸೆವೆನ್‌ನ ಏಳನೆಯದ್ದಾಗ್ತದೆ. ಅಂಥ ಮೂರು, ಏಳು ಹಿಡ್ಕೊ. ಉಳಿದದ್ದು ನಿನ್ನಿಷ್ಟ, ಹೇಗೆ ಬೇಕಾದರೂ ಅಲೆದು ಕಡೆಗೆ ಸಿ-ಗೆ ಬಾ, ಅದೇ ಹಾಡಿನ ಮನೆ.”

“ನುಡಿಸು,” ಎಂದರು ಬೋಜಪ್ಪ, ಚೀಟಿ ಬಿಡಿಸಿ. “ಇದರಲ್ಲಿದ್ದ ಹಾಗೇ ಬರ್ಬೇಕು. ತಪ್ಪಿದರೆ ಮಾಲೀಕರಿಗೆ ಪತ್ರ ಹೋಗ್ತದೆ. ನೀನೇ ಮೆಣಸು ಕಳ್ಳ ಅಂತ.”

ಅನಂತಕೃಷ್ಣನ ಮುಖ ಬಿಳುಚಿತು. ಎ-ಸೆವೆನ್. ಬೋಜಪ್ಪನ ಬೆರಳು ಚೀಟಿಯ ಮೇಲೆ ಸರಿಯಿತು. ಡಿ-ಸೆವೆನ್. ಜಿ-ಸೆವೆನ್‌ಗೆ ಬಂದು ಅವನ ಕೈ ನಿಂತಿತು. ನಾದ ಗಾಳಿಯಲ್ಲಿ ತೂಗಿಕೊಂಡೇ ಇತ್ತು. ಬೋಜಪ್ಪನಿಗೆ ಕೆಂಜಿಗದ ಕಡಿತಕ್ಕಿಂತ ಅದರ ಕಾಟವೇ ಹೆಚ್ಚಾಯಿತು.

“ಎಂಥ ಮಾರಾಯ ನಿಲ್ಸಿದ್ದು? ಮನೆಗೆ ಹೋಗು!”

“ಕೆಲಸದಿಂದ ತೆಗೆದ್ರಾ ಸಾರ್?”

“ಆ ಮನೆಗಲ್ಲ, ಈ ಮನೆಗೆ!” ಬೋಜಪ್ಪ ಚೀಟಿಯ ‘ಸಿ’ ಮೇಲೆ ಬೆರಳು ಕುಟ್ಟಿದರು.

ಅನಂತಕೃಷ್ಣ ಸಿ ನುಡಿಸಿದ. ಬೋಜಪ್ಪ ಉಸಿರು ಬಿಟ್ಟು, ಜೇಬಿನ ಪತ್ರ ತೆಗೆದು ನಾಲ್ಕು ಚೂರು ಮಾಡಿದರು.

“ಕಳ್ಳ ಸಿಕ್ಕಿದನಾ, ಬೋಜಪ್ಪಾ?” ಪಕ್ಕದಿಂದ, ಫೋನಿನಲ್ಲಿ ಕೇಳಿದ್ದ ಅದೇ ಮಾಲಕಿಯ ದನಿ. ಬೆಚ್ಚಿ ತಿರುಗಿದರೆ, ರಂಜಿತಾ.

ಒಂದು ಕ್ಷಣ ಬೋಜಪ್ಪನ ಮೀಸೆ ಅದುರಿತು. ಆಮೇಲೆ ಹೊರಟ ಅವರ ನಗುವಿಗೆ, ಕಣದಲ್ಲಿ ಕಾಫಿ ಹರವುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ಇತ್ತ ನೋಡಿದರು.