ಪಣಕ್ಕಿಟ್ಟ ಮೀಸೆ

"ರೀ, ಈಚ್ಗೆ ಬನ್ನಿ. ಇನ್ನೂ ಎಷ್ಟೊತ್ತು ಅಂತ ಒಳಗೆ ಕೂತಿರ್ತೀರಿ? ಬೆಂಕಿ ಆಕ್ದೇನೇ ಬೆಂದೋಯ್ತೀರಿ ಅಷ್ಟೇಯ."

ಜಯಲಕ್ಷ್ಮಮ್ಮ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬಾಗಿಲಿಗೆ ಬಾಯಿಟ್ಟು ಕೂಗಿದರೂ ಗಂಡ ಹೊರಗೆ ಬರಲಿಲ್ಲ. ಸೊಪ್ಪು ಬೇಯಿಸುವ ಕಾಲ ಇನ್ನೂ ದೂರವಿತ್ತು. ಹೊಲಕ್ಕೆ ಸಸಿ ಬಿದ್ದೇ ವಾರವಾಗಿರಲಿಲ್ಲ. ಆ ಖಾಲಿ ಬ್ಯಾರನ್ನಿನ ಕತ್ತಲಲ್ಲಿ, ಹೋದ ವರ್ಷದ ಸೊಪ್ಪಿನ ಘಾಟು ಕುಡಿಯುತ್ತ, ಸಿದ್ದಯ್ಯ ನಿನ್ನೆ ಮಧ್ಯಾಹ್ನದಿಂದ ಅಡಗಿ ಕೂತಿದ್ದ. ಊಟಕ್ಕೆ ಮಾತ್ರ ಹಿತ್ತಲ ದಾರಿಯಲ್ಲಿ ಮನೆಯೊಳಗೆ ನುಸುಳಿ, ಬೆಕ್ಕಿನ ಹಾಗೆ ಮತ್ತೆ ಹಿಂದಕ್ಕೆ ಓಡುತ್ತಿದ್ದ.

ನಿನ್ನೆ ಮಧ್ಯಾಹ್ನವೇ ವಿಧಾನಸಭೆಯ ಮತ ಎಣಿಕೆ ಮುಗಿದದ್ದು. ಎರಡು ಸಲ ಸೋತಿದ್ದ ಶಿವನಂಜಪ್ಪ ಮೂರನೇ ಸಲ ಗೆದ್ದಿದ್ದ. ಗೆದ್ದದ್ದು ಕೆಲವೇ ನೂರು ಮತಗಳಲ್ಲಿ, ಅದೂ ಕೊನೆಯ ಸುತ್ತಿನಲ್ಲಿ. ಅವನು ಗೆದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಸಿದ್ದಯ್ಯ ಗೌಸನ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತು ಎದೆ ತಟ್ಟಿ ಹೇಳಿ ಇನ್ನೂ ತಿಂಗಳಾಗಿರಲಿಲ್ಲ.

ಅದೇನು ಸಾಮಾನ್ಯ ಮೀಸೆಯಲ್ಲ. ಸಿದ್ದಯ್ಯನಿಗಿಂತ ಮೊದಲು ಅವನ ಮೀಸೆ ಊರೊಳಗೆ ಬರುತ್ತದೆ ಎಂದು ಮಾವಿನಕೊಪ್ಪಲಿನ ಹೆಂಗಸರು ನಗುತ್ತಿದ್ದರು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜಿನಲ್ಲಿ ಅವನ ಹೆಸರು ಗೊತ್ತಿಲ್ಲದವರೂ "ಮೀಸೆ ಸಿದ್ದಣ್ಣ" ಎಂದು ದಾರಿ ಬಿಡುತ್ತಿದ್ದರು. ಇದ್ದ ಒಂದೇ ಸೊಗಸನ್ನು ಮನುಷ್ಯ ಪಣಕ್ಕಿಟ್ಟಿದ್ದ. ಸಿಟ್ಟು ಅಷ್ಟು ದೊಡ್ಡದಿತ್ತು.

ಸಿಟ್ಟಿಗೆ ಕಾರಣವೂ ಇತ್ತು. ಶಿವನಂಜಪ್ಪ ಬೇರೆ ಯಾರೂ ಅಲ್ಲ, ಗಾವಡಗೆರೆ ಶಾಲೆಯಲ್ಲಿ ಸಿದ್ದಯ್ಯನ ಜೊತೆ ಒಂದೇ ಮಣೆಯ ಮೇಲೆ ಕೂತು ಓದಿದವನು. ಊರಿನ ಹಾಲಿನ ಡೈರಿಯನ್ನು ಇಬ್ಬರೂ ಸೇರಿ ಶುರುಮಾಡಿದ್ದರು. ಡೈರಿ ಅಧ್ಯಕ್ಷನಾದವನನ್ನು ತಾಲ್ಲೂಕು ಪಂಚಾಯಿತಿಗೆ ನಿಲ್ಲಿಸಿದವನೂ, ಆಮೇಲೆ "ಎಮ್ಮೆಲ್ಲೆ ಎಲೆಕ್ಷನ್ಗೂ ನಿಂತ್ಕೊಳ್ಳಲಾ, ಏನಾಯ್ತದೆ?" ಎಂದು ಹುರಿದುಂಬಿಸಿದವನೂ ಸಿದ್ದಯ್ಯನೇ. ಮೊದಲ ಸಲ ಠೇವಣಿಯೂ ಉಳಿಯಲಿಲ್ಲ. ಎರಡನೇ ಸಲ ಎರಡನೇ ಸ್ಥಾನ ಬಂತು. ಎರಡು ಸಲವೂ ಸಿದ್ದಯ್ಯ ಮನೆ ಮನೆ ತಿರುಗಿದ್ದ, ಸೋತ ಮೇಲೆ ಗೆಳೆಯನ ಜೊತೆ ಅದೇ ಮನೆಗಳಿಗೆ ಹೋಗಿ ಕೈಮುಗಿದೂ ಬಂದಿದ್ದ. ಭಾಷಣದಲ್ಲಿ ಹೇಳುವ ಮೂರು ಭರವಸೆಗಳಲ್ಲಿ ಶಿವನಂಜಪ್ಪನಿಗೆ ಯಾವಾಗಲೂ ಒಂದಲ್ಲ ಒಂದು ಮರೆತುಹೋಗುತ್ತಿತ್ತು. ಸಿದ್ದಯ್ಯ ಹಿಂದೆ ನಿಂತು ಪಿಸುಗುಟ್ಟುತ್ತಿದ್ದ.

ಅಂಥವನು ಈ ಸಲ ಪಕ್ಷ ಬದಲಾಯಿಸಿದ. ಬದಲಾಯಿಸಿದ್ದಕ್ಕಲ್ಲ ಸಿದ್ದಯ್ಯ ಉರಿದುಬಿದ್ದದ್ದು, ತನಗೆ ಹೇಳದೆ ಬದಲಾಯಿಸಿದ್ದಕ್ಕೆ. ಸುದ್ದಿ ಟಿವಿಯಲ್ಲಿ ಬಂದಾಗ ಅವನು ಮುದ್ದೆ ಮುರಿಯುತ್ತಿದ್ದ. ಮುರಿದ ತುತ್ತನ್ನು ತಟ್ಟೆಗೇ ಹಾಕಿ ಎದ್ದುಬಿಟ್ಟ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಚುನಾವಣೆಯಲ್ಲಿ ಸಿದ್ದಯ್ಯ ಎದುರು ಪಕ್ಷದ ಶಾಲು ಹೊದ್ದು ಓಡಾಡಿದ.

ಹೊರಗೆ ಜಯಲಕ್ಷ್ಮಮ್ಮನ ದನಿಯ ಜೊತೆಗೆ ಈಗ ಗೌಸನ ದನಿಯೂ ಕೇಳಿಸಿತು.

"ಸಿದ್ದಣ್ಣ, ಶಿವನಂಜಪ್ಪೋರು ಪಕ್ಕದೂರಿಗೆ ಬಂದವ್ರಂತೆ ಕಣಣ್ಣ. ಜೆಸಿಬಿಲಿ ಊವ ಸುರೀತಾವ್ರೆ. ರೇಣುಕಾಪ್ರಸಾದ ಅರಳಿಕಟ್ಟೆ ತಾವ ಕುರ್ಚಿ ಆಕ್ಸಿ, ಗಾವಡಗೆರೆಯಿಂದ ಕ್ಷೌರದೋರ್ನೂ ಕರ್ಕಬಂದವ್ನೆ."

ರೇಣುಕಾಪ್ರಸಾದ್ ಊರಿನಲ್ಲಿ ಶಿವನಂಜಪ್ಪನ ಹೊಸ ಬಲಗೈ. ಸಿದ್ದಯ್ಯ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಅವನು ನಿಲ್ಲುತ್ತಿದ್ದ. ಆ ಹೆಸರು ಕೇಳಿದ್ದೇ ಬ್ಯಾರನ್ನಿನ ಬಾಗಿಲು ದಢಾರನೆ ತೆರೆಯಿತು.

"ಏನಂತೆ ಅವ್ನಿಗೆ? ನಾನು ಓಡೋಗಿವ್ನಿ ಅಂದನಾ?"

"ಅನ್ನೋದೇನು, ಮೈಕಲ್ಲೇ ಯೋಳ್ತಾವ್ನೆ."

"ನಡಿಯಲಾ ಗೌಸು," ಎಂದ ಸಿದ್ದಯ್ಯ, ಪಂಚೆ ಕೊಡವಿ. "ಮೀಸೆ ಓದ್ರೆ ಬತ್ತದೆ."

ಜಯಲಕ್ಷ್ಮಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಹಿಂದೆ ಹಿಂದೆ ನಡೆದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೌಸನಿಗೆ ತಿಳಿಯಲಿಲ್ಲ.

ಅರಳಿಕಟ್ಟೆಯ ಸುತ್ತ ಇಡೀ ಊರು ನೆರೆದಿತ್ತು. ಸಿದ್ದಯ್ಯ ಯಾರ ಮುಖವನ್ನೂ ನೋಡದೆ ಹೋಗಿ ಕುರ್ಚಿಯ ಮೇಲೆ ಕೂತ. ಕ್ಷೌರದವನು ಕೊರಳಿಗೆ ಬಟ್ಟೆ ಕಟ್ಟಿ, ಬಟ್ಟಲಿನ ನೀರಿಗೆ ಬ್ರಷ್ ಅದ್ದುವಷ್ಟರಲ್ಲಿ ತಮಟೆ ಹತ್ತಿರವಾಯಿತು. ಕ್ರೇನಿಗೆ ನೇತುಹಾಕಿದ ಸೇಬಿನ ಹಾರ ಮೊದಲು ಬಂತು, ಅದರ ಹಿಂದೆ ಟ್ರ್ಯಾಕ್ಟರು, ಟ್ರ್ಯಾಕ್ಟರಿನ ತೊಟ್ಟಿಯಲ್ಲಿ ಶಿವನಂಜಪ್ಪ. ಬಿಸಿಲಿಗೆ ಮುಖ ಕೆಂಡವಾಗಿತ್ತು, ತಲೆಯ ತುಂಬ ಚೆಂಡುಹೂವಿನ ಎಸಳು. ಗೆದ್ದವನಿಗಿಂತ ಹೆಚ್ಚಾಗಿ ಮದುಮಗನ ಹಾಗೆ ಕಾಣುತ್ತಿದ್ದ. ಕುರ್ಚಿಯಲ್ಲಿ ಕೂತ ಗೆಳೆಯನನ್ನು ಕಂಡು ಅವನ ನಗು ಅರ್ಧಕ್ಕೆ ನಿಂತಿತು.

ರೇಣುಕಾಪ್ರಸಾದ್ ತೊಟ್ಟಿ ಹತ್ತಿ ಮೈಕು ಕೈಗೆ ಕೊಟ್ಟ. ಶಿವನಂಜಪ್ಪ ಗಂಟಲು ಸರಿಮಾಡಿಕೊಂಡ.

"ಅಪ್ಪಂದ್ರೇ, ಅವ್ವಂದ್ರೇ, ನೀವು ಗೆಲ್ಲಿಸಿದ್ರಿ. ಇನ್ಮೇಲೆ ನನ್ ಕೆಲ್ಸ. ನನ್ ಮುಂದೆ ಮೂರು ಕೆಲ್ಸ ಅವೆ. ಒಂದ್ನೇದು, ಕಾಡಂಚಿಗೆ ರೈಲು ಕಂಬಿ ಬೇಲಿ, ಆನೆ ಈಚ್ಗೆ ಬರಬಾರ್ದು. ಎರಡ್ನೇದು, ನಮ್ ಕೆರೆಗೆ ನೀರು. ಮೂರ್ನೇದು..."

ಅಲ್ಲಿಗೆ ನಿಂತಿತು. ಅವನ ಕಣ್ಣು ರೂಢಿಯಂತೆ ಹಿಂದಕ್ಕೆ ತಿರುಗಿತು. ಹಿಂದೆ ರೇಣುಕಾಪ್ರಸಾದ್ ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತ ನಿಂತಿದ್ದ, ಅವನಿಗೇನು ಗೊತ್ತು? ಜನ ಕಾದರು. ಮೈಕು ಕುಂಯ್ ಎಂದಿತು.

"ಬೆಳಗಿನ್ ಬಸ್ಸು ಕಣಲಾ! ಕಾಲೇಜ್ ಹೆಣ್ಮಕ್ಳಿಗೆ ಬೆಳಗಿನ್ ಬಸ್ಸು!"

ಕೂಗಿದ್ದು ಸಿದ್ದಯ್ಯ. ಮೀಸೆಯ ಮೇಲೆ ನೊರೆ, ಕೊರಳಲ್ಲಿ ಬಟ್ಟೆ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡ. ಜನ ಹೋ ಎಂದು ನಕ್ಕರು.

"ಹೂಂ, ಬಸ್ಸು," ಎಂದ ಶಿವನಂಜಪ್ಪ ಮೆತ್ತಗೆ. ಆಮೇಲೆ ಹಿಗ್ಗಿಗೋ ಅಭ್ಯಾಸ ಬಲಕ್ಕೋ, ರಾಜಕಾರಣಿಯ ದನಿ ತೆಗೆದ. "ಬಂಧುಗಳೇ, ಚುನಾವಣೆ ಮುಗೀತು. ನಂಗೆ ಯಾರ್ ಮೇಲೂ ದ್ವೇಸ ಇಲ್ಲ. ನಮ್ ಸಿದ್ದಯ್ಯ ಮೀಸೆ ಬೋಳುಸ್ಕೊಳ್ಳೋದು ಬ್ಯಾಡ. ನಾನು ಮಾಫಿ ಮಾಡಿವ್ನಿ!"

ಚಪ್ಪಾಳೆ ಬಿತ್ತು. ರೇಣುಕಾಪ್ರಸಾದ್ ಶಿಳ್ಳೆ ಹಾಕಿದ. ಸಿದ್ದಯ್ಯ ಮಾತ್ರ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತ.

"ಯಾವನ್ಲಾ ಅವ್ನು ಮಾಫಿ ಮಾಡೋನು? ಮಾಫಿಯಂತೆ ಮಾಫಿ! ನನ್ ವೋಟೂ ಈಸ್ಕೊಂಡು ನಂಗೇ ಮಾಫಿ ಮಾಡಕ್ಕೆ ಬಂದವ್ನೆ, ದೊಡ್ ಮನ್ಸ!"

ತಮಟೆಯವರ ಕೈ ನಿಂತಿತು. ಗೌಸ್ ಮುಂದಕ್ಕೆ ನುಗ್ಗಿ ಕೇಳಿದ.

"ಯಾರ್ ವೋಟು ಸಿದ್ದಣ್ಣ?"

ಬಾಯಿಂದ ಜಾರಿದ್ದನ್ನು ಹಿಂದಕ್ಕೆ ತುಂಬಿಕೊಳ್ಳಲು ಆಗುತ್ತದೆಯೇ? ಸಿದ್ದಯ್ಯ ಒಂದು ಗಳಿಗೆ ಅತ್ತ ಇತ್ತ ನೋಡಿದ. ಆಮೇಲೆ ಎದೆಯ ಭಾರವನ್ನೆಲ್ಲ ಒಮ್ಮೆಗೇ ಇಳಿಸಿದ.

"ಹೂಂ ಕಣಲಾ, ಆಕ್ದೆ! ಇವ್ನಿಗೇ ಆಕ್ದೆ! ಆಕ್ಬಾರ್ದು ಅಂತ್ಲೇ ಒಳಕ್ಕೆ ಓದೆ. ಮಿಷಿನ್ ಮೇಲೆ ಇವನ್ ಪಟ ಅಂಟ್ಸಿದ್ರು. ಪಟದಲ್ಲೂ ಅದೇ ಅಳುಮೂತಿ. ಸೋತಾಗ್ಲೆಲ್ಲ ನನ್ ಜಗಲಿ ಮೇಲೆ ಬಂದು ಕೂತ್ಕತಿದ್ನಲ್ಲ, ಅದೇ ಮೂತಿ. ಈ ಹಾಳ್ ಬೆರ್ಳು ಬ್ಯಾರೆ ಕಡೀಕೆ ಓಗ್ಲೇ ಇಲ್ಲ!"

ಮೊದಲು ನಕ್ಕದ್ದು ಜಯಲಕ್ಷ್ಮಮ್ಮ. ಬಾಯಿಗೆ ಒತ್ತಿ ಹಿಡಿದಿದ್ದ ಸೆರಗು ಜಾರಿ, ಆಕೆ ಕಟ್ಟೆ ಹಿಡಿದುಕೊಂಡು ನಗತೊಡಗಿದಳು. ಅದರ ಹಿಂದೆ ಊರೇ ನಕ್ಕಿತು. ಸಿದ್ದಯ್ಯ ಯಾರ ಪರ ಓಡಾಡಿದ್ದನೋ ಆ ಪಕ್ಷದವರು ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೋತದ್ದು ಹೇಗೆಂದು ಅವರಿಗೆ ಈಗ ತಿಳಿದಿತ್ತು.

ನಗದೆ ಉಳಿದವನು ಶಿವನಂಜಪ್ಪ ಒಬ್ಬನೇ. ಅವನು ಮೈಕನ್ನು ತೊಟ್ಟಿಯಲ್ಲೇ ಬಿಟ್ಟು ಇಳಿದು ಬಂದ. ಬಂದು ಸಿದ್ದಯ್ಯನ ಎದುರಿಗೆ ನಿಂತ.

"ಸಿದ್ದ, ಪಾರ್ಟಿ ಬದ್ಲಾಯ್ಸೋ ಮುಂಚೆ ನಿಂಗೆ ಯೋಳ್ಬೇಕು ಅಂತ ನಿಮ್ ಹಿತ್ಲು ಗಂಟ ಬಂದಿದ್ದೆ ಕಣೋ."

"ಬಂದೋನು ಒಳೀಕೆ ಬರಕ್ಕೇನಾಗಿತ್ತು?"

"ನೀನು ಬ್ಯಾಡ ಅಂದ್ಬುಟ್ಟಿದ್ರೆ? ನೀನು ಬ್ಯಾಡ ಅಂದ್ಮೇಲೆ ನಾನು ಯಾವತ್ತು ಏನ್ ಮಾಡಿವ್ನಿ, ಯೋಳು. ಅಲ್ಲಿಗೆ ಮುಗ್ದೋಗದು. ಅದ್ಕೇ ಎದರ್ಕೊಂಡು ವಾಪಸ್ ಓದೆ."

ಸಿದ್ದಯ್ಯ ನೊರೆ ಒಣಗುತ್ತಿದ್ದ ಮೀಸೆಯ ಮೇಲಿಂದ ಅವನನ್ನೇ ನೋಡಿದ. ಬೇಡ ಎನ್ನುತ್ತಿದ್ದೆನೇ? ಅನ್ನುತ್ತಿದ್ದೆ, ಖಂಡಿತ ಅನ್ನುತ್ತಿದ್ದೆ. ಆಗ ಈ ಪುಣ್ಯಾತ್ಮ ಇವತ್ತೂ ಜಗಲಿಯ ಮೇಲೆ ಅಳುಮೂತಿ ಹಾಕಿಕೊಂಡು ಕೂತಿರುತ್ತಿದ್ದ. ಇದು ಹೊಳೆದದ್ದೇ ತಡ, ಅಷ್ಟು ದಿನದ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ಆದರೆ ಅದನ್ನು ಅಷ್ಟು ಸುಲಭವಾಗಿ ಒಪ್ಪಿಕೊಳ್ಳುವ ಆಸಾಮಿಯಲ್ಲ ಅವನು. ಕುರ್ಚಿ ಎತ್ತಿ ನಿಲ್ಲಿಸಿ ಮತ್ತೆ ಕೂತ.

"ಸರಿ, ಮೀಸೆ ತಗಿಯಪ್ಪ," ಎಂದ ಕ್ಷೌರದವನಿಗೆ.

"ಲೇ, ಬ್ಯಾಡ ಕಣೋ," ಎಂದ ಶಿವನಂಜಪ್ಪ.

"ಸುಮ್ಕಿರು ನೀನು. ಬದ್ಲಾಯ್ಸಕ್ಕೆ ನನ್ ಮಾತೇನು ಪಾರ್ಟಿನಾ? ಕೈ ಖಾಲಿ ಇದ್ರೆ ಆ ನೀರಿನ್ ಬಟ್ಲು ಇಡ್ಕೊ."

ಹೊಸ ಶಾಸಕ ಬಟ್ಟಲು ಹಿಡಿದು ನಿಂತ. ಒಂದು ಕಡೆ ಮುಗಿದು ಇನ್ನೊಂದು ಕಡೆ ಶುರುವಾಗುವಾಗ ಯಾರೋ "ಅರ್ಧ ಬುಡ್ರಣ್ಣ, ಅಂಗೇ ಚೆಂದಾಗದೆ!" ಎಂದು ಕೂಗಿದರು. ಕೊನೆಗೆ ಗೌಸ್ ಹಿಡಿದ ಕನ್ನಡಿಯಲ್ಲಿ ಸಿದ್ದಯ್ಯನಿಗೆ ಒಬ್ಬ ಅಪರಿಚಿತ ಕಾಣಿಸಿದ. ಮೇಲ್ತುಟಿ ಹಸುಗೂಸಿನದರ ಹಾಗೆ ಬೆಳ್ಳಗಿತ್ತು.

"ಅಯ್ಯೋ ನನ್ನಪ್ನೇ, ಯಾರೀ ಮನ್ಸ?" ಎಂದಳು ಜಯಲಕ್ಷ್ಮಮ್ಮ ಕಣ್ಣೊರೆಸಿಕೊಳ್ಳುತ್ತ. ಹತ್ತಿರ ಬಂದು ನೋಡಿ, ದನಿ ತಗ್ಗಿಸಿದಳು. "ಹೆಣ್ ನೋಡಕ್ಕೆ ಬಂದಾಗ ಇಂಗೇ ಇದ್ರಿ. ಚೆಂದಾಗೇ ಅದೆ ಬುಡಿ."

ಮನುಷ್ಯನ ಕಿವಿ ಕೆಂಪಾಯಿತು. ಅಷ್ಟರಲ್ಲಿ ಶಿವನಂಜಪ್ಪ ಅವನ ರಟ್ಟೆ ಹಿಡಿದು ಟ್ರ್ಯಾಕ್ಟರಿನ ಕಡೆ ಎಳೆದಿದ್ದ. ರೇಣುಕಾಪ್ರಸಾದ್ ಗೊಣಗದೆ ಜಾಗ ಬಿಟ್ಟ. ಮೂರನೆಯದನ್ನು ನೆನಪಿಸುವ ಕೆಲಸ ತನ್ನಿಂದಾಗದು ಎಂಬುದು ಅವನಿಗೂ ಗೊತ್ತಾಗಿತ್ತು.

ಮುಂದಿನ ಊರು ಒಂದು ಕೂಗಿನ ದೂರದಲ್ಲೇ ಇತ್ತು. ದಾರಿಯುದ್ದಕ್ಕೂ ಸಿದ್ದಯ್ಯ ಬೇಲಿ ಎಲ್ಲಿಂದ ಶುರುವಾಗಬೇಕು, ಬಸ್ಸು ಎಷ್ಟು ಹೊತ್ತಿಗೆ ಹುಣಸೂರು ಮುಟ್ಟಬೇಕು ಎಂದು ಹೇಳುತ್ತಲೇ ಇದ್ದ. ಶಿವನಂಜಪ್ಪ ಹೂಂಗುಟ್ಟುತ್ತ, ನಡುನಡುವೆ ಗೆಳೆಯನ ಮುಖ ನೋಡಿ ನಗು ತಡೆಯಲಾರದೆ ಅತ್ತ ತಿರುಗುತ್ತಿದ್ದ.

ಊರ ಬಾಗಿಲಿನಲ್ಲಿ ಹೆಂಗಸರು ಆರತಿ ಹಿಡಿದು ನಿಂತಿದ್ದರು. ಮುಂದೆ ನಿಂತಿದ್ದ ಹಣ್ಣು ಹಣ್ಣು ಮುದುಕಿಯೊಬ್ಬಳು ತಟ್ಟೆ ಎತ್ತದೆ ಶಾಸಕನನ್ನು ದಿಟ್ಟಿಸಿದಳು. ಅವನ ಪಕ್ಕದಲ್ಲಿದ್ದವನನ್ನೂ ನೋಡಿದಳು, ಯಾರೋ ಏನೋ ಎಂಬಂತೆ ಕಣ್ಣು ಮುಂದೆ ದಾಟಿಸಿದಳು. ತೊಟ್ಟಿಯ ಮೂಲೆ ಮೂಲೆಯನ್ನೂ ಹುಡುಕಿದಳು.

"ಎಲ್ಲಿ ಮಗ, ನಿನ್ ಜೊತೆಗಾರ? ಆ ಮೀಸೆಯೋನು? ಎರಡ್ ಸಲ ಸೋತಾಗ್ಲೂ ನಿನ್ ಜೊತೇಲಿ ಬಂದು ನಮ್ ಮನೆ ಮುಂದೆ ಕೈಮುಗ್ದಿದ್ದ. ಗೆದ್ದಾಗ ಬುಟ್ಬುಟ್ಟು ಬಂದ್ಯಾ?"

ಶಿವನಂಜಪ್ಪ ಪಕ್ಕದವನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದ.

ಸಿದ್ದಯ್ಯ ತೊಟ್ಟಿಯಿಂದ ಇಳಿದು, ಮುದುಕಿಯ ಕೈಗೆ ಎಟುಕುವಷ್ಟು ಬಗ್ಗಿದ.

"ಬಂದವ್ನೆ ಕಣವ್ವ," ಎಂದ.

ಮುದುಕಿ ಆರತಿಯ ಬೆಳಕನ್ನು ಅವನ ಮುಖದ ಹತ್ತಿರಕ್ಕೆ ತಂದು ಬಹಳ ಹೊತ್ತು ನೋಡಿದಳು. ಆಮೇಲೆ ಕುಂಕುಮದ ನೀರಿಗೆ ಬೆರಳದ್ದಿ, ಮೊದಲು ಅವನ ಹಣೆಗೆ ಇಟ್ಟಳು.