ಹಲ್ಲಮ್ಮನ ರೈಲೂರು

ಹಲ್ಲು ಸಿಗುತ್ತಿರಲಿಲ್ಲ.

ಮಗಳು ಆಸ್ಪತ್ರೆಯಿಂದ ತಂದ ಚೀಲವನ್ನು ಮಂಚದ ಮೇಲೆ ಕವುಚಿದಳು. ಬಾಚಣಿಗೆ, ಸೋಪಿನ ಡಬ್ಬಿ, ಜೋಡಿ ತಪ್ಪಿದ ಒಂದು ಕಾಲುಚೀಲ. ಆಚೆ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ ಅಮ್ಮನ ಕೆನ್ನೆ ಒಳಕ್ಕೆ ಕುಸಿದು, ಮುಖ ಬೇರೆ ಯಾರದೋ ಆಗಿಬಿಟ್ಟಿತ್ತು. ಜನ ಬರತೊಡಗಿದ್ದರು.

"ಊರಿಗೆಲ್ಲ ಹಲ್ಲು ಮಾಡಿಕೊಟ್ಟವಳು, ತಾನು ಬೊಚ್ಚುಬಾಯಲ್ಲಿ ಹೋಗೋದಾ?" ಎಂದರು ಸೋದರಮಾವ. ಅಕ್ಕ ಸತ್ತಾಗಿನಿಂದ ಅವರು ಬಾಗಿಲಿಗೂ ಕಿಟಕಿಗೂ ಓಡಾಡಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ.

"ಮಾಮ, ಮಾತಾಡ್ತಾ ನಿಲ್ಲೋ ಬದಲು ಆ ಫ್ಲಾಸ್ಕ್ ನೋಡಿ."

"ಫ್ಲಾಸ್ಕಲ್ಲಿ ಯಾರಾದ್ರೂ ಹಲ್ಲು ಇಡ್ತಾರೇನೇ?"

"ನಿಮ್ಮಕ್ಕ ಇಡ್ತಾಳೆ."

ಫ್ಲಾಸ್ಕಿನಲ್ಲಿರಲಿಲ್ಲ. ಅದರ ಮುಚ್ಚಳದೊಳಗೆ ಕರವಸ್ತ್ರ ಸುತ್ತಿಕೊಂಡು ಕೂತಿತ್ತು. ಮಾವ ಅದನ್ನು ಎರಡು ಬೆರಳಲ್ಲಿ ಹಿಡಿದು, ಹಕ್ಕಿಮರಿಯೇನೋ ಎಂಬಂತೆ, ಆಗಲೇ ಬಂದಿದ್ದ ಹಲ್ಲಿನ ಡಾಕ್ಟರ ಅಂಗೈಗೆ ಇಳಿಸಿದರು.

ಡಾಕ್ಟರು ಕೋಟಿನ ತೋಳು ಮಡಿಚಿ ಪೆಟ್ಟಿಗೆಯ ಮೇಲೆ ಬಾಗಿದರು. ವರ್ಷಗಟ್ಟಲೆ ಅವರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು, ಅಮ್ಮ ಅದಕ್ಕೆ ಪ್ಲಾಸ್ಟರು ಸುರಿದು, ಮೇಣದಲ್ಲಿ ವಸಡು ತಿದ್ದಿ, ಹಲ್ಲು ಕೂಡಿಸಿ ವಾಪಸು ಕಳಿಸುತ್ತಿದ್ದಳು. ಬೀದಿಯ ಜನ ಅವಳನ್ನು ಹಲ್ಲಮ್ಮ ಎಂದೇ ಕರೆಯುತ್ತಿದ್ದರು. ಸೆಟ್ಟು ಸರಿಯಾಗಿ ಕೂತದ್ದೇ ಅಮ್ಮನ ಮುಖ ಮರಳಿ ಬಂತು. ಮುಂದಿನ ಒಂದು ಹಲ್ಲು ಪಕ್ಕದ ಹಲ್ಲಿನ ಮೇಲೆ ತುಸು ವಾಲಿತ್ತು.

"ಬೇಕಂತಲೇ ಸೊಟ್ಟ ಇಡೋರು," ಎಂದರು ಡಾಕ್ಟರು. "ಎಲ್ಲರಿಗೂ ಒಂದಾದ್ರೂ ಸೊಟ್ಟ ಹಲ್ಲು. ಸೈನಿಕರ ಥರ ಸಾಲಾಗಿ ನಿಲ್ಸಿದ್ರೆ ನಗು ಯಾರದು ಅಂತಲೇ ಗೊತ್ತಾಗಲ್ಲ ಡಾಕ್ಟ್ರೇ ಅಂತ ನನ್ನ ಜೊತೆ ಜಗಳ."

ಗೋಡೆಯುದ್ದಕ್ಕೂ ಕುರ್ಚಿಗಳಲ್ಲಿ ಕೂತವರು ತಮಗೇ ಅರಿವಿಲ್ಲದೆ ನಾಲಿಗೆಯಿಂದ ತಮ್ಮ ತಮ್ಮ ಹಲ್ಲು ಮುಟ್ಟಿ ನೋಡಿಕೊಂಡರು.

"ಹೋದ ವಾರ ಎಡಗಡೆ ಬಿಗಿ ಆಗ್ತಿದೆ ಅಂದಿದ್ದೆ," ಎಂದಳು ಕೆಳಗಿನ ಮನೆಯ ಅಜ್ಜಿ. "ಬಾ, ಸೆಟ್ಟು ಉಜ್ಜಿ ಸಡಿಲ ಮಾಡ್ಕೊಡ್ತೀನಿ ಅಂದಿದ್ಲು. ಈಗ ಯಾರ ಹತ್ರ ಹೋಗ್ಲಿ?" ಇಷ್ಟು ಹೇಳಿ ಜೋರಾಗಿ ಅತ್ತಳು. ಆ ದಿನ ಮೊದಲು ಅತ್ತವಳು ಅವಳೇ.

ಡಾಕ್ಟರು ಮಗಳನ್ನು ಅಡುಗೆಮನೆಯ ಕಡೆ ಕರೆದರು. ಕಂಕುಳಲ್ಲಿ ದಪ್ಪನೆಯ ಆಲ್ಬಮ್ ಇತ್ತು.

"ಇವತ್ತು ಕೇಳಬಾರದು ಕಣಮ್ಮ. ಆದರೆ ತಡ ಮಾಡಿದ್ರೆ ಹಾಳಾಗುತ್ತೆ. ನಿಮ್ಮಮ್ಮನ ರೈಲೂರು."

ಮಗಳ ಕೈ ಗ್ಯಾಸ್ ಒಲೆಯ ಅಂಚನ್ನು ಹಿಡಿಯಿತು.

"ನನ್ನ ಹತ್ರ ಪೂರ್ತಿ ಫೋಟೋ ಇದೆ. ಯಾವ ಮರ ಎಲ್ಲಿತ್ತೋ ಅಲ್ಲೇ ನಿಲ್ಲಿಸಿ, ಗಾಜು ಹಾಕ್ಸಿ, ನಮ್ಮ ಕ್ಲಿನಿಕ್ಕಿನ ಹಾಲಲ್ಲಿ ಇಡ್ತೀನಿ. ಕೆಳಗೆ ಅವರ ಹೆಸರು. ಅವರು ಹಳೇ ಮನೆ ಬಿಡುವಾಗಲೇ ಕೇಳಿದ್ದೆ, ಕೊಡಲಿಲ್ಲ. ಯಾಕೋ ಗೊತ್ತಿಲ್ಲ."

"ಅದು ಎಲ್ಲಿದೆ ಅಂತ ನನಗೇ ಗೊತ್ತಿಲ್ಲ ಡಾಕ್ಟ್ರೇ."

"ಅಗೋ, ಬಾಗಿಲ ಹತ್ರ ನಿಂತಿದಾನಲ್ಲ, ಬಿಳಿ ಶರ್ಟು. ಪಂಕ್ಚರ್ ಅಂಗಡಿಯವನು. ಈಗಷ್ಟೇ ಕೇಳಿದೆ. ಹಲ್ಲಮ್ಮನ ಮಗಳು ಹೇಳಿದ್ರೆ ಕೊಡ್ತೀನಿ ಅಂದ. ನೀನು ಹೂಂ ಅಂದ್ರೆ ಸಾಕು."

ಮಗಳು ಆ ಕ್ಷಣವೇ ಹೂಂ ಎನ್ನುವವಳಿದ್ದಳು. ಅಷ್ಟರಲ್ಲಿ ಮಾವ, "ವ್ಯಾನು ಬಂತು, ಎತ್ತೋರು ಬನ್ನಿ," ಎಂದು ಕೂಗಿದರು.

*

ಗುಡ್ಡ ಮೊದಲು ಬಂತು, ರೈಲು ಆಮೇಲೆ.

ಕಲಸಿದ ಪ್ಲಾಸ್ಟರು ಯಾರಿಗೂ ಕಾಯುವುದಿಲ್ಲ. ಅಚ್ಚಿಗೆ ಸುರಿದು ಉಳಿದದ್ದು ಬಟ್ಟಲಲ್ಲೇ ಕಲ್ಲಾಗುತ್ತದೆ. ಎಸೆಯಲು ಮನಸ್ಸು ಬಾರದೆ ಅಮ್ಮ ಅದನ್ನು ಹಿಂದಿನ ಕೋಣೆಯ ಹಲಗೆಯೊಂದರ ಮೇಲೆ ಸುರಿಯುತ್ತ ಬಂದಳು. ಮಗಳು ಶಾಲೆಗೆ ಹೋಗುತ್ತಿದ್ದಾಗ ಅದು ದಿಬ್ಬ, ಕಾಲೇಜು ಸೇರುವಷ್ಟರಲ್ಲಿ ಗುಡ್ಡ. "ಗುಡ್ಡ ಅಂತ ಆದ್ಮೇಲೆ ಅದನ್ನ ಸುತ್ತೋಕೆ ಏನಾದ್ರೂ ಬೇಕಲ್ವಾ?" ಎಂದು ಒಂದು ಸಂಜೆ ಹಳೇ ಸಾಮಾನಿನ ಅಂಗಡಿಯಿಂದ ಆಟದ ಎಂಜಿನ್ನು, ಬೋಗಿ, ಒಂದಿಷ್ಟು ಹಳಿ ಹೊತ್ತು ತಂದಳು. ಹಳಿಗೆ ನಿಲ್ದಾಣ ಬೇಕಾಯಿತು, ನಿಲ್ದಾಣಕ್ಕೆ ಊರು. ವಸಡಿಗೆ ಬಳಸುವ ಗುಲಾಬಿ ಪ್ಲಾಸ್ಟಿಕ್ಕಿನಲ್ಲೇ ಜನರನ್ನು ಮಾಡಿದ್ದರಿಂದ ರೈಲೂರಿನ ಪ್ರಜೆಗಳೆಲ್ಲ ಆಗಷ್ಟೇ ಬಿಸಿನೀರಿನ ಸ್ನಾನ ಮುಗಿಸಿ ಬಂದವರಂತೆ ಕಾಣುತ್ತಿದ್ದರು. ಹಲಗೆಗೆ ಹಲಗೆ ಸೇರಿ ಊರು ಕೋಣೆಯನ್ನೇ ತುಂಬಿತು. ಬಾಗಿಲು ಎಷ್ಟು ಅಗಲವಿದೆ ಎಂದು ಯಾರೂ ನೋಡಿರಲಿಲ್ಲ.

ಆಮೇಲೆ ಮಗಳು ಸ್ಕೂಟರಿನಿಂದ ಬಿದ್ದಳು. ಬೆನ್ನಿಗೆ ಆಪರೇಷನ್ ಆಯಿತು. ಬೇರೆ ಮನೆ ಮಾಡಿಕೊಂಡು ಒಬ್ಬಳೇ ಇದ್ದವಳು ಈಗ ತಾನಾಗಿ ಮಗ್ಗುಲು ಬದಲಿಸುವಂತೆಯೂ ಇರಲಿಲ್ಲ. ಎರಡು ಮನೆ ನಡೆಸುವುದು ಆಗದ ಮಾತು. ಮಗಳ ಎರಡು ಕೋಣೆಯ ಮಹಡಿ ಮನೆಗೆ ಅಮ್ಮ ಒಂದು ಟ್ರಂಕು, ಕೆಲಸದ ಮೇಜು ಇಷ್ಟೇ ಹಿಡಿದು ಬಂದಳು.

"ರೈಲೂರು ಏನಾಯ್ತಮ್ಮ?"

"ಕೊಟ್ಟೆ."

"ಯಾರಿಗೆ?"

"ಬೇಕು ಅಂದವರಿಗೆ. ಕೈ ಎತ್ತು, ತೋಳು ತೂರಿಸ್ಬೇಕು."

ಅಷ್ಟೇ. ಮಗಳು ಎದ್ದು ಓಡಾಡಿದ ಮೇಲೂ ಆ ಮಾತು ಏಳಲಿಲ್ಲ. ಅಮ್ಮ ಅಡುಗೆಮನೆಯ ಕಿಟಕಿಯ ಬಳಿ ಮೇಜು ಹಾಕಿಕೊಂಡು ಹಲ್ಲು ಮಾಡಿದಳು. ಉಳಿದ ಪ್ಲಾಸ್ಟರನ್ನು ಚಮಚದಿಂದ ಕೆರೆದು, ಹಳೇ ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕುತ್ತಿದ್ದಳು. ಆ ಕೆರೆಯುವ ಸದ್ದು ಬಂದಾಗೆಲ್ಲ ಮಗಳು ರೇಡಿಯೋ ಜೋರು ಮಾಡುತ್ತಿದ್ದಳು. ತಾನು ಬಿದ್ದದ್ದರಿಂದ ಅಮ್ಮನ ಊರು ಹೋಯಿತು. ಇದರಾಚೆ ಅವಳಿಗೆ ಬೇರೆ ಲೆಕ್ಕ ತೋಚಿರಲಿಲ್ಲ.

*

ಮಣ್ಣು ಮುಚ್ಚಿ ಆದ ಮೇಲೆ ಜನ ಶೂ ಜಾಡಿಸಿಕೊಳ್ಳುತ್ತ ಚದುರಿದರು. ಪಂಕ್ಚರ್ ಅಂಗಡಿಯವನು ಗೇಟಿನ ಬಳಿ ನಿಂತಿದ್ದ. ಅಗಲ ಭುಜದ, ನಲವತ್ತರ ಆಸುಪಾಸಿನ ಆಳು. ಹೊಸ ಶರ್ಟಿನಿಂದ ಅಂಗಡಿಯ ಮಡಿಕೆ ಇನ್ನೂ ಹೋಗಿರಲಿಲ್ಲ.

"ಅಕ್ಕಾ, ಡಾಕ್ಟರು ಹೇಳಿದ್ರಲ್ಲ... ನೀವು ಯಾವಾಗ ಅಂದ್ರೆ ಆವಾಗ."

"ಒಂದು ಕೇಳ್ತೀನಿ. ಸಮಾಧಾನಕ್ಕೆ ಅಂತ ಏನೂ ಹೇಳ್ಬೇಡಿ. ಕೊಡುವಾಗ ಅಮ್ಮ ಅತ್ರಾ?"

ಅವನು ಡಾಕ್ಟರ ಕಡೆ ನೋಡಿದ, ಮಾವನ ಕಡೆ ನೋಡಿದ.

"ಅತ್ರು ಅಕ್ಕ. ಚೆನ್ನಾಗೇ ಅತ್ರು."

ಮಗಳು ತಲೆ ಆಡಿಸಿದಳು. ಅವಳು ಅಂದುಕೊಂಡದ್ದೂ ಅದನ್ನೇ. "ಡಾಕ್ಟ್ರೇ," ಎಂದು, ಹೂಂ ಅನ್ನಲು ಬಾಯಿ ತೆರೆದಳು.

"ಪೂರ್ತಿ ಕೇಳಿ," ಎಂದ ಅವನು.

*

ಹಲ್ಲಮ್ಮ ಹಳೇ ಮನೆ ಖಾಲಿ ಮಾಡುವ ವಾರ ಅವನು ಅಲ್ಲಿಗೆ ಬಂದದ್ದು ಎರಡು ಹಲ್ಲು ಒಯ್ಯಲು. ಜಾಕಿನ ಹಿಡಿ ಜಾರಿ ಮುಂದಿನವೆರಡೂ ಹೋಗಿದ್ದವು. ಹಲ್ಲಮ್ಮ ಹಾಕಿ ತೋರಿಸಿದಳು. ಅವನು ಕನ್ನಡಿಯಲ್ಲಿ ನೋಡಿಕೊಂಡು ಸಿಳ್ಳೆ ಹಾಕಿ ಪರೀಕ್ಷಿಸುತ್ತಿದ್ದಾಗ ಹಿಂದಿನ ಕೋಣೆ ಕಣ್ಣಿಗೆ ಬಿತ್ತು. ಡಾಕ್ಟರು ಆಗಷ್ಟೇ ಟೇಪು ಹಿಡಿದು ಅಳತೆ ತೆಗೆದು ಹೋಗಿದ್ದರು. ಕಿಟಕಿ ಕೀಳಿಸಿ, ಗೋಡೆ ಒಡೆಸಿ, ಒಂದು ಎಲೆಯೂ ಅಲುಗದ ಹಾಗೆ ಇಡಿಯಾಗಿ ಸಾಗಿಸುವುದು ಅವರ ಯೋಜನೆ.

"ಇದು ಯಾರದಮ್ಮ?"

"ನಂದು. ವಾರ ಕಳೆದ್ರೆ ಇನ್ಯಾರದೋ."

ಅವನು ಸುತ್ತಲೂ ಒಂದು ಸುತ್ತು ಬಂದ. ಗುಡ್ಡವನ್ನು ಬೆರಳ ಗಿಣ್ಣಿನಿಂದ ಕುಟ್ಟಿದ.

"ಟೊಳ್ಳಾ?"

"ಗಟ್ಟಿ. ಊರವರ ಬಾಯಿ ಅಳತೆ ತೆಗೆದು ಮಿಕ್ಕಿದ್ದು."

"ಹಾಗಾದ್ರೆ ಕೊರೀಬಹುದು. ರೈಲು ಪಾಪ ಗುಡ್ಡನ ಸುತ್ಕೊಂಡು ಸುತ್ಕೊಂಡು ಯಾಕೆ ಸಾಯ್ಬೇಕು? ಒಳಗೇ ನುಗ್ಲಿ."

"ಬಿರುಕು ಬಿಡುತ್ತೆ."

"ಬಿಟ್ರೆ ಮೆತ್ತೋದು."

ಹೇಳಿದ ಮೇಲೆ ಅತಿಯಾಯಿತೇನೋ ಎಂದು ಅವನು ನಾಲಿಗೆ ಕಚ್ಚಿಕೊಂಡ. ಹೊಸ ಹಲ್ಲು ಹರಿತವಾಗಿತ್ತು. ಹಲ್ಲಮ್ಮ ಅವನನ್ನೇ ನೋಡುತ್ತಿದ್ದಳು.

"ತಗೊಂಡ್ಹೋಗ್ತೀಯಾ?"

ಕುಡಿದಿಟ್ಟ ಟೀ ಲೋಟ ಒಳಗಿಡಲು ಹೇಳುತ್ತಿದ್ದಾಳೆ ಎಂದುಕೊಂಡು ಅವನು ಲೋಟ ಎತ್ತಿಕೊಂಡ.

"ಅದಲ್ವೋ ಮಾರಾಯ. ಊರು."

ಬಾಗಿಲಲ್ಲಿ ಹೋಗುವಂತಿರಲಿಲ್ಲ. ಗರಗಸ ತಂದವಳು ಅವಳೇ, ಪೆನ್ಸಿಲಿನಿಂದ ಗೆರೆ ಎಳೆದವಳೂ ಅವಳೇ. ಮೊದಲ ಕೊಯ್ತವನ್ನೂ ತಾನೇ ಹಾಕಿದಳು. ಗೆರೆ ಯಾವ ಮನೆಯನ್ನೂ ಸೀಳದೆ, ಅಂಗಳ ಅಂಗಳಗಳ ನಡುವೆ ಹೋಗುತ್ತಿತ್ತು. ಹಳಿಯ ಬಳಿ ಬಂದಾಗ ಗರಗಸ ಕಿರುಗುಟ್ಟಿತು. ಅಲ್ಲಿ ಅವಳ ಕೈ ನಿಂತಿತು. ಗೋಡೆಗೆ ಮುಖ ಮಾಡಿ ನಿಂತು ಅತ್ತಳು. ಅವನು ನೆಲದ ಮೇಲಿನ ಹೊಟ್ಟು ಗುಡಿಸಿದ.

"ಅಮ್ಮಾ, ಬೇಡ ಬಿಡಿ. ಡಾಕ್ಟ್ರಿಗೇ ಕೊಡಿ. ಹೇಗಿದೆಯೋ ಹಾಗೇ ಇಟ್ಕೊಳ್ತಾರೆ."

"ಅದಕ್ಕೇ ಅವರಿಗೆ ಕೊಡ್ತಿಲ್ಲ," ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀನು ಹಿಡ್ಕೋ. ನೇರ ಹಿಡಿ, ರೊಟ್ಟಿ ಕತ್ತರಿಸ್ತಿಲ್ಲ. ಬೇಗ ಆಗ್ಲಿ. ನಾನು ಹೋಗೋವರೆಗೂ ನನ್ನ ಮಗಳು ಒಂದೇ ಮಗ್ಗುಲಲ್ಲಿ ಮಲಗಿರ್ತಾಳೆ."

*

"ಆಮೇಲೆ ಅಮ್ಮ ನೋಡೋಕೆ ಬಂದ್ರಾ?" ಮಗಳು ಕೇಳಿದಳು. ಪಂಕ್ಚರ್ ಅಂಗಡಿಯವನು ತನ್ನ ಅಂಗಡಿಯ ಅರ್ಧ ಎಳೆದ ಷಟರನ್ನು ಮೇಲೆತ್ತುತ್ತಿದ್ದ. ಹಿಂದೆ ಡಾಕ್ಟರು ಆಲ್ಬಮ್ ಹಿಡಿದು ನಿಂತಿದ್ದರು.

"ಒಂದು ಸಲನೂ ಇಲ್ಲ. ಎಷ್ಟು ಕರೆದೆ! 'ನಾನು ಬಂದು ನಿಂತ್ರೆ ನೀನು ನನ್ನ ಮುಖ ನೋಡ್ಕೊಂಡು ಕೆಲಸ ಮಾಡ್ತೀಯ' ಅಂದ್ರು. ಆದ್ರೆ ಹಲ್ಲು ಸರಿ ಮಾಡಿಸೋಕೆ ನಿಮ್ಮನೆಗೆ ಬಂದಾಗೆಲ್ಲ ಬಾಗಿಲಲ್ಲೇ ಕೇಳೋರು, 'ಏನೋ, ಈಗೇನು ಕೆಡಿಸಿದೆ?' ಅಂತ. ಹೇಳ್ತಿದ್ದೆ. ನಗೋರು ನೋಡಿ, ನಿಲ್ಸೋದೇ ಇಲ್ಲ."

ಬಾಗಿಲಿನ ಆ ನಗು ಮಗಳಿಗೂ ಒಳಗೆ ಕೇಳಿಸಿತ್ತು. ಯಾರೋ ಗಿರಾಕಿ ತಮಾಷೆಯವನು ಎಂದುಕೊಂಡಿದ್ದಳು.

ಅಂಗಡಿಯ ಹಿಂಬದಿಯಲ್ಲಿ ಅವನು ದೀಪ ಹಾಕಿದ.

"ಅಯ್ಯೋ," ಎಂದರು ಡಾಕ್ಟರು. "ಏನಯ್ಯಾ ಮಾಡಿಟ್ಟಿದೀಯ!"

ಗುಡ್ಡದ ಹೊಟ್ಟೆಯಲ್ಲಿ ತೂತು. ಸುತ್ತ ಬಿರುಕುಗಳಿಗೆ ಬೂದು ಸಿಮೆಂಟು ಮೆತ್ತಿ, ಅದರ ಮೇಲೆ ಬೆರಳಚ್ಚು ಹಾಗೇ ಉಳಿದಿತ್ತು. ಅಂಗಳಗಳ ನಡುವಿನ ಕೊಯ್ತ ಈಗ ದೊಡ್ಡ ರಸ್ತೆ. ರಸ್ತೆಯ ಬದಿಯಲ್ಲಿ ಟ್ಯೂಬಿನ ತುಂಡು ಕತ್ತರಿಸಿ ಮಾಡಿದ ಟೈರುಗಳ ರಾಶಿ, ಒಂದು ಪುಟ್ಟ ಪಂಕ್ಚರ್ ಅಂಗಡಿ. ಗುಲಾಬಿ ಜನರ ನಡುವೆ ಕಪ್ಪು ರಬ್ಬರಿನ ಜನ ಬಂದು ಸೇರಿಕೊಂಡಿದ್ದರು. ಮಗಳು ತನಗೆ ಗೊತ್ತಿದ್ದ ಊರನ್ನು ಹುಡುಕಿದಳು. ಚರ್ಚೆ ಮಾಡುವಂತೆ ತಲೆ ಕೂಡಿಸಿದ ಎರಡು ಮೇಣದ ಮರ ಸಿಕ್ಕವು, ಬೇರೆ ಜಾಗದಲ್ಲಿ. ಅವು ಮೊದಲಿದ್ದ ಜಾಗದ ಮೇಲೆ ಅವಳು ಬೆರಳಿಟ್ಟಳು. ಬೇಗ ತೆಗೆಯಲಿಲ್ಲ.

ಡಾಕ್ಟರು ಆಲ್ಬಮ್ ತೆರೆದು ಗುಡ್ಡದ ಪಕ್ಕ ಹಿಡಿದರು. "ನೋಡಮ್ಮ, ಹೇಗಿತ್ತು. ನೋಡು."

ಪಂಕ್ಚರ್ ಅಂಗಡಿಯವನು ಕುತ್ತಿಗೆ ತುರಿಸಿಕೊಂಡ. "ಮೊದಲಿನ ಥರಾನೇ ಮಾಡ್ಬೇಕಂದ್ರೆ ನಾನೂ ಕೈ ಹಾಕ್ತೀನಿ ಅಕ್ಕ. ತೂತು ಮುಚ್ಚೋದು ಕಷ್ಟ ಇಲ್ಲ."

"ಇದೇನು?" ಮಗಳು ಕೇಳಿದಳು. ಹಳಿಯ ಒಂದು ಕವಲು ಹಲಗೆಯ ಅಂಚು ದಾಟಿ, ಗೋಡೆಗೆ ಹೊಡೆದ ಕಿರಿದಾದ ಪಟ್ಟಿಯ ಮೇಲೇರಿ, ಬಾಗಿಲ ಚೌಕಟ್ಟಿನ ಮೇಲಿನ ಸಂದಿಯಲ್ಲಿ ಅಂಗಡಿಯ ಕಡೆ ತೂರಿತ್ತು.

ಅವನ ಮುಖ ಸಂಕೋಚದಲ್ಲೇ ಅರಳಿತು. "ಗಿರಾಕಿಗಳು ಸುಮ್ನೆ ಕೂತಿರ್ತಾರಲ್ಲ. ಅಂಗಡಿ ಪೂರ್ತಿ ಒಂದು ಸುತ್ತು ಬರ್ಲಿ ಅಂತ. ಹೋದ ಸಲ ಹೇಳ್ದಾಗ ಅಮ್ಮ ಕುರ್ಚಿ ಹಿಡ್ಕೊಂಡು ನಕ್ಕಿದ್ರು. ಆದ್ರೆ ಇನ್ನೂ ಆಗಿಲ್ಲ. ಒಂದು ಪಟ್ಟಿ ಬಾಕಿ. ಒಬ್ಬನೇ ಹಿಡ್ಕೊಂಡು ಸ್ಕ್ರೂ ಬಿಗಿಯೋಕಾಗಲ್ಲ, ಒಂದು ಕಡೆ ಎತ್ತಿದ್ರೆ ಇನ್ನೊಂದು ಕಡೆ ಬೀಳುತ್ತೆ."

"ಎಲ್ಲಿದೆ ಪಟ್ಟಿ?"

ಪಟ್ಟಿ ಮುಂದೆ, ಅಂಗಡಿಯ ಗೋಡೆಗೆ ಒರಗಿತ್ತು. ಅದರ ಮೇಲೆ ಹಳಿ ಆಗಲೇ ಕೂಡಿಸಿ ಆಗಿತ್ತು. ಮಗಳು ಚಪ್ಪಲಿ ಕಳಚಿದಳು. ಒಂದರ ಮೇಲೊಂದು ಪೇರಿಸಿದ ಟೈರುಗಳನ್ನು ಹುಷಾರಾಗಿ, ಬೆನ್ನನ್ನು ನೆಟ್ಟಗಿಟ್ಟುಕೊಂಡು ಹತ್ತಿದಳು. ಪಟ್ಟಿಯ ಒಂದು ತುದಿಯನ್ನು ತಲೆಯ ಮೇಲಕ್ಕೆತ್ತಿ ಗೋಡೆಗೆ ಒತ್ತಿದಳು. ಇನ್ನೊಂದು ತುದಿ ಗಾಳಿಯಲ್ಲಿ ತೂಗಾಡಿತು.

"ಡಾಕ್ಟ್ರೇ," ಎಂದಳು, "ಫೋಟೋ ಕೆಳಗಿಟ್ಟು ಆ ಕಡೆ ಹಿಡ್ಕೊಳ್ಳಿ."

ಡಾಕ್ಟರು ಅವಳನ್ನು ನೋಡಿದರು, ಬಾಗಿಲಾಚೆಯ ಗುಡ್ಡದ ತೂತನ್ನು ನೋಡಿದರು. ಕೋಟು ಬಿಚ್ಚಿ ಆಲ್ಬಮ್ಮಿನ ಮೇಲೆ ಹಾಕಿದರು. ಸ್ಟೂಲು ಎಳೆದುಕೊಂಡು ಹತ್ತುವಾಗ, "ಸ್ವಲ್ಪ ಕೆಳಗೆ ಮಾಡು, ಸೊಟ್ಟ ಆಯ್ತು," ಎಂದರು.

"ಇರ್ಲಿ ಬಿಡಿ."

ಪಂಕ್ಚರ್ ಅಂಗಡಿಯವನು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಇಬ್ಬರ ನಡುವೆ ತಿರುಗಿಸತೊಡಗಿದ. ಒಳಕೋಣೆಯಿಂದ ಅವನು ಆಗಲೇ ಚಾಲೂ ಮಾಡಿ ಬಿಟ್ಟಿದ್ದ ಎಂಜಿನ್ನು ಬಾಗಿಲ ಸಂದಿಯಿಂದ ಮೂಗು ತೂರಿಸಿ, ಹಳಿ ಮುಗಿದಲ್ಲಿ ಗುಂಯ್‌ಗುಡುತ್ತ ನಿಂತಿತ್ತು. ಅದರ ಸಾಸಿವೆಯಷ್ಟು ದೀಪ, ಇನ್ನೂ ಕೂಡದ ಪಟ್ಟಿಯ ಮೇಲೆ ಹಾದು, ಅದನ್ನು ಎತ್ತಿ ಹಿಡಿದಿದ್ದ ಮಗಳ ಬೆರಳುಗಳ ಮೇಲೆ ಬಿದ್ದಿತ್ತು.